ಆರಿಸಿದರೆ ಬರ್ತೀನಿ ಅಂತ

ಒಂಬತ್ತಕ್ಕೆ ಬರುತ್ತೇನೆ ಎಂದಿದ್ದ ವೈರಿಂಗ್ ಮಾಸ್ಟರ್ ತಾವಿಯಾ ಎಂಟಕ್ಕೇ ಬಂದು ಬಾಗಿಲಲ್ಲಿ ನಿಂತದ್ದು ಅರಬಾಗೆ ಮೋಸವೆನಿಸಿತು. ಆ ಒಂದು ಗಂಟೆಯಲ್ಲಿ ಏನೋ ಮಾಡಿ ಮುಗಿಸಬೇಕೆಂದುಕೊಂಡಿದ್ದಳು. ಏನೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ. ಮಹಡಿಯ ಕೋಣೆಗೆ ಹೋಗಿ ಒಂದು ಗಳಿಗೆ ಕೂತು ಬರುವುದೋ, ಮಂಚದ ತಲೆದೆಸೆಯ ಆ ಸ್ವಿಚ್ಚನ್ನು ಒಮ್ಮೆ ಮುಟ್ಟುವುದೋ, ಮುಟ್ಟದೆ ಬರೀ ನೋಡುವುದೋ. ಗಂಡ ಎಕೊ ತೀರಿಕೊಂಡ ಮೇಲೆ ಎರಡು ವರ್ಷದಿಂದ ಅದನ್ನು ಯಾರಿಗೂ ಮುಟ್ಟಗೊಡದೆ, ಗುಡಿಸಲು ಹೋದಾಗ ತಾನೂ ಮುಟ್ಟದೆ, ಅದರ ಮೇಲಿನ ಧೂಳನ್ನು ಸಹ ಒರೆಸದೆ ಕಾಪಾಡಿಕೊಂಡು ಬಂದಿದ್ದಳು. ಇವತ್ತು ಅದನ್ನು ಕಿತ್ತು, ಫೋನಿನಿಂದ ಹತ್ತುವ ಹೊಸ ಸ್ವಿಚ್ಚು ಕೂರಿಸುತ್ತಾರೆ. ಕೂರಿಸಬೇಕೆಂದವನು ಫೀಫಿ, ಎಕೊನ ಅಕ್ಕನ ಮಗ, ದೂರದ ಟಾಕೊರಾಡಿ ಪಟ್ಟಣದಲ್ಲಿರುವವನು. ಮಾವನ ಮನೆ ಸೋದರಳಿಯನಿಗೆ ಹೋಗುವುದು ಈ ಕಡಲತೀರದಲ್ಲಿ ಲಾಗಾಯ್ತಿನಿಂದ ಬಂದದ್ದು. ಅದರಲ್ಲಿ ಅರಬಾಗೆ ಬೇಸರವೇನೂ ಇರಲಿಲ್ಲ. ಹುಡುಗ ಒಳ್ಳೆಯವನೇ. "ಅತ್ತೆ, ಕೆಳಗಡೆ ನೀವು ಇರೋ ತನಕ ನಿಮ್ಮದೇ. ಮೇಲಿನ ಮೂರು ಕೋಣೆ ಸುಮ್ನೆ ಬಿದ್ದಿದಾವೆ, ಕೋಟೆ ನೋಡೋಕೆ ಬರೋರಿಗೆ ಕೊಡೋಣ. ಅವರು ದೀಪ ಹಾಕಿ ಮರೆತು ಹೋದ್ರೂ ನಾನು ಇಲ್ಲಿಂದಲೇ ಆರಿಸ್ತೀನಿ," ಎಂದಿದ್ದ. ಆ ಕೊನೆಯ ಮಾತು ಕೇಳಿ ಅವಳ ಕೈಯಲ್ಲಿದ್ದ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತ್ತು.

"ಏನು ಮಾಸ್ಟರ್, ಇಷ್ಟು ಬೇಗ?"

"ಹಳೇ ಮನೆ ಅಲ್ವಾ ಆಂಟಿ. ಹಳೇ ಮನೆಗೆ ಹೇಳಿದ ಟೈಮಿಗೆ ಬಂದೋನು ಹೇಳಿದ ದಿನ ಮುಗಿಸಿ ಹೋಗಲ್ಲ," ಎಂದು ಮಾಸ್ಟರ್ ಏಣಿಯನ್ನು ಗೋಡೆಗೊರಗಿಸಿದ. ಅರವತ್ತರ ಹತ್ತಿರದ ಮನುಷ್ಯ. ಹೊಲಿಗೆ ಕೋಣೆಯ ಮೊದಲ ಸ್ವಿಚ್ಚನ್ನು ಬಿಚ್ಚುತ್ತಲೇ ಗೋಡೆಯ ಮಣ್ಣು ಹಿಟ್ಟಿನ ಹಾಗೆ ಉದುರಿ ಅವನ ಚಪ್ಪಲಿಯ ಮೇಲೆ ಬಿತ್ತು. ಅವನು ಆ ಮಣ್ಣನ್ನೂ, ಮನೆ ಕಟ್ಟಿಸಿದ ಎಕೊನ ಅಜ್ಜಿಯ ತಮ್ಮನನ್ನೂ ಒಟ್ಟಿಗೇ ಬೈದ. "ನಿಮ್ಮ ಫೀಫಿ ಅಲ್ಲಿ ಕೂತು ಸ್ವಿಚ್ಚು ಕಳಿಸ್ತಾನೆ, ಗೋಡೆ ಕೆತ್ತೋನು ನಾನು. ಇದಕ್ಕೆ ಇನ್ನೊಂದು ಕರಿ ತಂತಿ ಬೇಕು. ಹಿಂದಿನೋರು ಅದನ್ನ ಸ್ವಿಚ್ಚಿನ ತನಕ ಇಳಿಸ್ತಾನೇ ಇರ್ಲಿಲ್ಲ."

"ಅದ್ಯಾಕೆ ಬೇಕು?"

"ಎಚ್ಚರ ಇರೋಕೆ. ಮಾಮೂಲಿ ಸ್ವಿಚ್ಚು ಆರಿಸಿದ್ರೆ ಮಲಗಿಬಿಡ್ತದೆ. ಇದು ಹಾಗಲ್ಲ ಆಂಟಿ. ದೀಪ ಆರಿದ್ರೂ ಒಳಗೆ ಎಚ್ಚರವಾಗೇ ಇರ್ತದೆ, ಯಾರಾದ್ರೂ ಕರೀತಾರೇನೋ ಅಂತ ಕಿವಿ ತೆರ್ಕೊಂಡು."

ಅರಬಾ ತಲೆಯೆತ್ತಲಿಲ್ಲ. ಮಾಸ್ಟರನಿಗೆ ಏನು ಗೊತ್ತು, ಅವನು ತನ್ನ ಕೆಲಸದ ಮಾತು ಆಡಿದ. ಆದರೂ ಆ ಮಾತು ಅವಳನ್ನೇ ಹುಡುಕಿಕೊಂಡು ಬಂದು ಕೆನ್ನೆಗೆ ಹೊಡೆದಂತಾಯಿತು. ತಂತಿಗೆ ಸುತ್ತುವ ಟೇಪ್ ಮುಗಿದಿದೆ, ಪೇಟೆಗೆ ಹೋಗಿ ತರುತ್ತೇನೆಂದು ಅವನು ಎದ್ದು, "ಬರ್ತೀನಿ ಆಂಟಿ," ಎಂದ. "ಹೂಂ, ಹೋಗಿ ಬನ್ನಿ," ಎಂದಳು. ಈ ಊರಲ್ಲಿ ಹೊರಟವರೂ ಬರ್ತೀನಿ ಎನ್ನುತ್ತಾರೆ, ಬರುವವರೂ ಬರ್ತೀನಿ ಎನ್ನುತ್ತಾರೆ.

ಪಾರ್ಶ್ವವಾಯು ಹೊಡೆದು ಬಲಗಡೆಯೆಲ್ಲ ಬಿದ್ದುಹೋಗಿ ಮಾತೂ ನಿಂತಾಗ ಎಕೊನಿಗೆ ಉಳಿದದ್ದು ಎಡಗೈ ಒಂದು. ಮೆಟ್ಟಿಲ ತಿರುವಿನಲ್ಲಿ ತೂಗುವ ದೀಪಕ್ಕೆ ಎರಡು ಸ್ವಿಚ್ಚು: ಒಂದು ಕೆಳಗೆ ಅವಳ ಹೊಲಿಗೆ ಯಂತ್ರದ ಪಕ್ಕದಲ್ಲಿ, ಇನ್ನೊಂದು ಮೇಲೆ ಕೋಣೆಯ ಬಾಗಿಲ ಒಳಗೆ. ಎಲ್ಲಿ ಒತ್ತಿದರೂ ಹತ್ತುತ್ತಿತ್ತು, ಎಲ್ಲಿಂದ ಬೇಕಾದರೂ ಆರಿಸಬಹುದಿತ್ತು. ಮಂಚವನ್ನು ಸ್ವಿಚ್ಚಿನ ಪಕ್ಕಕ್ಕೆ ಎಳೆಸಿದ್ದು ಅವನಿಗೆ ಕತ್ತಲಾಗದಿರಲಿ ಎಂದು ಮಾತ್ರ. ಮೊದಲ ವಾರವೇ ಅವನು ಅದಕ್ಕೆ ಮಾತು ಕಲಿಸಿದ. ಏನಾದರೂ ಬೇಕಾದಾಗ ದೀಪ ಹಾಕುವನು. ಕೆಳಗೆ ಹೊಲಿಯುತ್ತ ಕೂತ ಅವಳು ಮೆಟ್ಟಿಲ ಮೇಲೆ ಬೆಳಕು ಬಿದ್ದದ್ದು ಕಂಡು, "ಬರ್ತೀನಿ," ಎಂದು ಕೂಗಿ ತನ್ನ ಗೋಡೆಯಿಂದ ಆರಿಸುವಳು. ಬರಬರುತ್ತ ಕೂಗುವುದು ನಿಂತು ಆರಿಸುವುದಷ್ಟೇ ಉಳಿಯಿತು. ಹತ್ತಿದರೆ ಬಾ ಅಂತ, ಆರಿದರೆ ಬರ್ತೀನಿ ಅಂತ. ತೆರೆದ ಬಾಗಿಲಿನಿಂದ ಅವನಿಗೆ ದೀಪ ಕಾಣುತ್ತಿತ್ತು. ಆರಿತೆಂದರೆ ಕೈ ಇಳಿಸಿ ಕಾಯುತ್ತಿದ್ದ. ಒಮ್ಮೊಮ್ಮೆ ಅವಳು ಆರಿಸಿದ ಮರುಗಳಿಗೆಯೇ ಮತ್ತೆ ಹಾಕುವನು, ಅವಳು ಆರಿಸುವಳು, ಅವನು ಹಾಕುವನು. ಅಳತೆ ಕೊಡಲು ಬಂದ ಹೆಂಗಸರು, "ಏನೇ ಅರಬಾ, ಈ ವಯಸ್ಸಲ್ಲಿ ಇದೆಂಥ ಸರಸ," ಎಂದು ನಗುವರು. ಬೈದುಕೊಳ್ಳುತ್ತ ಹದಿನಾಲ್ಕು ಮೆಟ್ಟಿಲು ಹತ್ತಿ ಹೋದರೆ ಅವನಿಗೆ ಏನೂ ಬೇಕಾಗಿರುತ್ತಿರಲಿಲ್ಲ, ಅರ್ಧ ಬಾಯಲ್ಲಿ ನಗುತ್ತಿದ್ದ. ಆಗ ಅವಳಿಗೆ ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟನ್ನು ನೆನೆದರೆ ಸಾಕು, ಕೂತಲ್ಲಿ ಕೂರಲಾಗುವುದಿಲ್ಲ.

ಆ ದಿನ ಮೂವತ್ತು ಹೆಂಗಸರ ಬಟ್ಟೆ ಮುಗಿಸಿಕೊಡಬೇಕಿತ್ತು. ಯಾರದೋ ಮದುವೆ, ಎಲ್ಲರಿಗೂ ಒಂದೇ ನೀಲಿ. ಏಳು ಗಂಟೆಯೊಳಗೆ ಮೂರು ಸಲ ಮಹಡಿ ಹತ್ತಿಳಿದಾಗಿತ್ತು. ಎರಡು ಸಲ ಹಾಸಿಗೆ ಬದಲಿಸಿದ್ದಳು, ಮೂರನೇ ಸಲ ಅವನ ಎಡಗೈ ತಾಗಿ ಗಂಜಿಯ ಬಟ್ಟಲು ಅವಳ ಮಡಿಲಿಗೇ ಬಿತ್ತು. ಬೇಕೆಂದು ಮಾಡಿದ್ದಲ್ಲ, ಆಗಲೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು: "ಇವತ್ತೊಂದು ದಿನ ನನ್ನನ್ನ ಬಿಡು ಎಕೊ. ನಾನೂ ಮನುಷ್ಯಳೇ. ನಾನಾಗಿ ಬರೋ ತನಕ ಕರೀಬೇಡ." ಅವನು ಅವಳ ಮುಖವನ್ನೇ ನೋಡಿದ. ಎಡಗೈಯನ್ನು ನಿಧಾನಕ್ಕೆ ಹೊದಿಕೆಯ ಒಳಗೆ ಎಳೆದುಕೊಂಡ. ಅವಳು ಬಟ್ಟಲು ಎತ್ತಿಕೊಂಡು, ಬಾಗಿಲಲ್ಲಿ ನಿಂತು, ಹೊರಡುವವರು ಹೇಳುವ ಹಾಗೆ, "ಬರ್ತೀನಿ," ಎಂದು ಇಳಿದುಬಂದಳು. ಆಮೇಲೆ ಇಡೀ ದಿನ ದೀಪ ಹತ್ತಲಿಲ್ಲ. ಒಂದು ಸಲವೂ ಹತ್ತಲಿಲ್ಲ. ಮೊದಮೊದಲು ಮೆಟ್ಟಿಲ ಕಡೆ ನೋಡುತ್ತಿದ್ದವಳು ಆಮೇಲೆ ನೋಡುವುದನ್ನೂ ಬಿಟ್ಟಳು. ನಿಜ ಹೇಳಬೇಕೆಂದರೆ ಅವಳಿಗೆ ಹಾಯೆನಿಸಿತು. ರೇಡಿಯೊದ ಜತೆ ಗುನುಗಿದಳು. ಮಧ್ಯಾಹ್ನ ಎದುರು ಮನೆಯಿಂದ ಮೆಕ್ಕೆಜೋಳದ ಹುಳಿ ಕಡುಬು ಕೆಂಕೆ ತರಿಸಿ, ಬಾಳೆಲೆ ಬಿಡಿಸಿ, ಹುರಿದ ಮೀನೂ ಖಾರವೂ ನೆಂಚಿಕೊಂಡು, ಎಷ್ಟೋ ತಿಂಗಳ ಮೇಲೆ ಕೂತು ಉಂಡಳು, ಬೆರಳು ನೆಕ್ಕಿದಳು. ಸಂಜೆ ಐದಕ್ಕೆ ಮೂವತ್ತನೆಯ ರವಿಕೆಯ ದಾರ ಕತ್ತರಿಸಿ ಮೇಲೆ ಹೋದಾಗ ಎಕೊನ ಮೈ ತಣ್ಣಗಾಗಿತ್ತು. ಓಡಿ ಇಳಿದು, ಜನ ಕರೆದು, ಅವರನ್ನು ಮೇಲೆ ಕಳಿಸಲು ಕೆಳಗಿನ ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ. ಬಲ್ಬ್ ಹೋಗಿದೆ ಎಂದರು ಯಾರೋ. ಟಾರ್ಚು ಹಿಡಿದು ಹತ್ತಿದರು.

ಮೂರನೆಯ ದಿನ ಮನೆತನದವರೆಲ್ಲ ಸೇರಿದಾಗ ಎಕೊನ ಅಕ್ಕ ಎಲ್ಲರೆದುರು ಕೇಳಿದ್ದಳು, "ಕರೀಲೇ ಇಲ್ವಾ ಅವನು ನಿನ್ನನ್ನ?" ಅರಬಾ, "ಇಲ್ಲ ಅತ್ತಿಗೆ, ಒಂದು ಸಲಾನೂ ಕರೀಲಿಲ್ಲ," ಎಂದಳು. ಸುಳ್ಳಲ್ಲ. "ನಿದ್ದೇಲೇ ಹೋದ, ಪುಣ್ಯವಂತ," ಎಂದರು ಹಿರಿಯರು. ಆದರೆ ಕರೀಬೇಡ ಅಂತ ನಾನೇ ಹೇಳಿದ್ದೆ ಎಂಬ ಮಾತು ಗಂಟಲಲ್ಲೇ ಉಳಿಯಿತು. ಅವತ್ತಿನಿಂದ ಉಣ್ಣುವಾಗ, ಸೂಜಿಗೆ ದಾರ ಪೋಣಿಸುವಾಗ, ಚರ್ಚಿನಲ್ಲಿ ಮಂಡಿಯೂರುವಾಗ ಅಲ್ಲೇ ಇದೆ. ಎಕೊ ಮಾತು ಹಿಡಿದು ಕೂರುವ ಮನುಷ್ಯ. ಮದುವೆಗೆ ಮುಂಚೆ ಅವಳ ಅಮ್ಮ, ಇನ್ನಾರು ತಿಂಗಳು ಈ ಕಡೆ ಕಾಲಿಡಬೇಡ ಎಂದು ಬೈದದ್ದಕ್ಕೆ ಆರು ತಿಂಗಳೆಂದರೆ ಆರು ತಿಂಗಳು, ಒಂದು ದಿನ ಹಿಂದೆ ಮುಂದೆ ಮಾಡದೆ ದೂರ ಉಳಿದಿದ್ದ. ಹಾಗಾದರೆ ಅವತ್ತೂ ಎದೆ ಹಿಡಿದುಕೊಂಡಾಗ, ಉಸಿರು ಕಟ್ಟಿದಾಗ, ಕೈಗೆ ಎಟುಕುವಷ್ಟರಲ್ಲಿ ಸ್ವಿಚ್ಚು ಇದ್ದೂ, ಕರೀಬೇಡ ಅಂದಿದಾಳೆ ಎಂದು ಕೈಯನ್ನು ಹೊದಿಕೆಯೊಳಗೇ ಇಟ್ಟುಕೊಂಡು ಸತ್ತನೇ? ಅವನ ಬಾಯನ್ನು ರೋಗ ಅರ್ಧ ಮುಚ್ಚಿತು, ಉಳಿದರ್ಧ ನಾನು ಮುಚ್ಚಿದೆನೇ? ಎರಡು ವರ್ಷದಿಂದ ಇದೊಂದೇ. ದೇವರು ಎದುರಿಗೆ ಬಂದರೆ ಅವಳು ಇದೊಂದನ್ನೇ ಕೇಳುವವಳಿದ್ದಳು, ಬೇರೇನನ್ನೂ ಅಲ್ಲ.

ಮಾಸ್ಟರ್ ಟೇಪ್ ತಂದು ಕೆಳಗಿನ ಕೋಣೆಗಳನ್ನು ಮುಗಿಸುವಷ್ಟರಲ್ಲಿ ಹನ್ನೊಂದೂವರೆಯಾಯಿತು. ಮಹಡಿಯ ಬೀಗದ ಕೈ ಕೇಳಿದ. ಅವಳು, "ಮೊದಲು ಊಟ ಮಾಡಿ," ಎಂದಳು. ಊಟವಾಯಿತು. ಮತ್ತೆ ಕೇಳಿದ. "ಮೆಟ್ಟಿಲಿಂದು ಕೆಳಗಡೆ ಇದೆಯಲ್ಲ, ಅದನ್ನ ಬಿಚ್ಚಿ ಮೊದಲು," ಎಂದಳು. ಮಾಸ್ಟರ್ ಅವಳನ್ನು ಓರೆಗಣ್ಣಲ್ಲಿ ನೋಡಿ, ಹೊಲಿಗೆ ಯಂತ್ರವನ್ನು ಸರಿಸಿ, ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತ. ಎರಡು ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಮುಂದಕ್ಕೆಳೆದವನು ಬಗ್ಗಿ ಒಳಗೆ ಇಣುಕಿದ.

"ಆಂಟಿ, ಇದನ್ನ ಯಾವ ಪುಣ್ಯಾತ್ಮ ಹಾಕಿದ್ದು?"

"ನಾನೇ."

"ನೀವಾ?" ಅವನಿಗೆ ನಗು ಬಂತು. "ಬಟ್ಟೆ ಬಿಟ್ಟು ಇದಕ್ಕೆ ಯಾಕೆ ಕೈ ಹಾಕೋಕೆ ಹೋದ್ರಿ? ಇದು ಒಂದೇ ಕಡೆ ಸ್ವಿಚ್ಚಿರೋ ದೀಪಕ್ಕೆ ಹಾಕೋದು, ಎರಡು ತಂತೀದು. ಮೆಟ್ಟಿಲಿಗೆ ಮೂರು ತಂತಿ ಹಿಡಿಯೋದು ಬೇರೆ ಬರ್ತದೆ. ಎದುರಿಂದ ನೋಡಿದ್ರೆ ಎರಡೂ ಒಂದೇ. ನೋಡಿ ಇಲ್ಲಿ, ಮೂರನೇ ತಂತಿಗೆ ಟೇಪ್ ಸುತ್ತಿ ಒಳಗೆ ತುರುಕಿದೀರಿ."

ಎಕೊ ತೀರಿಕೊಂಡ ದಿನದ ಬೆಳಿಗ್ಗೆ ಅವಳ ಎದುರಿಗೆ ಬಂದು ನಿಂತಿತು. ಹಿಂದಿನ ಸಂಜೆ ಹಳೆಯ ಸ್ವಿಚ್ಚು ಒಡೆದು ಹೋಗಿತ್ತು. ಪೇಟೆಯ ಅಂಗಡಿಯವಳು, ಒಂದು ಕಡೆಯದಾ ಎರಡು ಕಡೆಯದಾ ಎಂದು ಕೇಳಿದ್ದಳು. ಅರಬಾ ಅವಸರದಲ್ಲಿ, ಇರೋದು ಒಂದೇ ದೀಪ ಕಣಮ್ಮ, ಒಂದರದ್ದೇ ಕೊಡು ಎಂದಿದ್ದಳು. ಬೆಳಗಾಗುತ್ತಲೇ ಫ್ಯೂಸ್ ತೆಗೆದು ತಾನೇ ಜೋಡಿಸಿದಳು. ಎರಡು ತೂತು, ಮೂರು ತಂತಿ. ಜನ್ಮವಿಡೀ ಹೆಚ್ಚಾದ ಬಟ್ಟೆಯನ್ನು ಒಳಗೆ ಮಡಚಿ ಹೊಲಿಗೆ ಹಾಕಿದವಳಿಗೆ ಹೆಚ್ಚಾದ ತಂತಿಯನ್ನು ಒಳಗೆ ಮಡಚುವುದು ತಪ್ಪೆನಿಸಲಿಲ್ಲ. "ಪರೀಕ್ಷೆ ಮಾಡಿದೆ ಮಾಸ್ಟರ್," ಎಂದಳು. "ನಮ್ಮನೆಯವರು ಮೇಲಿಂದ ಒತ್ತಿದ್ರು, ಹತ್ಕೊಳ್ತು. ನಾನು ಇಲ್ಲಿಂದ ಆರಿಸಿದೆ, ಆರಿಹೋಯ್ತು."

"ಒಂದು ಸುತ್ತು ಸರಿಯಾಗೇ ಕಾಣ್ತದೆ. ಮೋಸ ಇರೋದು ಆಮೇಲೆ. ಇಲ್ಲಿಂದ ಒಂದ್ಸಲ ಆರಿಸಿದ್ರೆ ಮುಗೀತು, ಮತ್ತೆ ಇಲ್ಲೇ ಹಾಕೋ ತನಕ ಮೇಲಿನದಕ್ಕೆ ಜೀವ ಇಲ್ಲ. ಮೇಲಿರೋನು ಬೆಳಗಿಂದ ಸಂಜೆ ತನಕ ಒತ್ತುತಾ ಕೂತ್ರೂ ದೀಪ ಹತ್ತಲ್ಲ."

ಅರಬಾ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಕೊರಳಲ್ಲಿದ್ದ ಅಳತೆ ಪಟ್ಟಿ ಜಾರಿ ನೆಲಕ್ಕೆ ಬಿತ್ತು, ಎತ್ತಿಕೊಳ್ಳಲಿಲ್ಲ. ಆರಿಸಿದ ಮೇಲೆ ತಾನು ಮತ್ತೆ ಹಾಕಿರಲಿಲ್ಲ. ಮೇಲೆ ಹೋಗಿ, ಗಂಜಿ ಚೆಲ್ಲಿಸಿಕೊಂಡು, ಆ ಮಾತು ಆಡಿ, ಇಳಿದುಬಂದಿದ್ದಳು. ಹಾಗಾದರೆ ಅವನು ಕರೆದಿದ್ದರೂ ಗೊತ್ತಾಗುವ ಹಾಗಿರಲಿಲ್ಲ. ಕರೆಯದೆ ಇದ್ದಿದ್ದರೂ ಗೊತ್ತಾಗುವ ಹಾಗಿರಲಿಲ್ಲ. ಎರಡು ವರ್ಷ ತಿಕ್ಕಿ ತಿಕ್ಕಿ ಸವೆಸಿದ ಪ್ರಶ್ನೆ ಮತ್ತೆ ಹೊಚ್ಚ ಹೊಸದಾಗಿ ಕೂತಿತ್ತು. ಬೇರೆ ಯಾರದೋ ಮನೆಯ ವಿಷಯದಂತೆ ಕೇಳಿದಳು: "ಆಮೇಲೆ ಮೇಲಿನದನ್ನ ಯಾರಾದ್ರೂ ಒತ್ತಿದ್ರೋ ಇಲ್ವೋ ಅಂತ ಗೊತ್ತಾಗತ್ತಾ ಮಾಸ್ಟರ್?"

"ಸ್ವಿಚ್ಚೇನು ಸಾಕ್ಷಿ ಹೇಳ್ತದಾ ಆಂಟಿ," ಎಂದ ಅವನು ಹಾಗೇ ಯೋಚಿಸಿದ. "ಆಮೇಲೆ ಇಲ್ಲಿ ಕೆಳಗೆ ಹಾಕಿ ನೋಡಿದ್ರಾ?"

"ಅವತ್ತೇ ಸಂಜೆ. ಹತ್ತಲಿಲ್ಲ. ಬಲ್ಬ್ ಹೋಗಿದೆ ಅಂದ್ರು. ಆಮೇಲೂ ಹತ್ತಿಲ್ಲ."

"ಕರೆಂಟ್ ಹೋಗಿತ್ತೇನೋ."

"ಇಲ್ಲ. ಯಂತ್ರ ಅವತ್ತು ದಿನಪೂರ್ತಿ ಓಡ್ತಿತ್ತು, ರೇಡಿಯೊನೂ ಇತ್ತು."

"ಹಾಗಾದ್ರೆ ಬಲ್ಬ್ ನೋಡೇಬಿಡೋಣ. ಬೀಗ ತೆಗೀರಿ." ಕೆಳಗಿನ ಸ್ವಿಚ್ಚನ್ನು ಹಾಕಿದ ಸ್ಥಿತಿಯಲ್ಲೇ ಬಿಟ್ಟು ಅವನು ಮೆಟ್ಟಿಲು ಹತ್ತಿದ. ಅವಳು ಹಿಂದೆ ಹತ್ತಿದಳು. ಕೋಣೆಯಲ್ಲಿ ಮಂಚ ಹಾಗೇ ಇತ್ತು, ಸ್ವಿಚ್ಚಿನ ಮೇಲೆ ಎರಡು ವರ್ಷದ ಧೂಳು ಇತ್ತು. ಮಾಸ್ಟರ್ ಕೈ ಚಾಚಿದ. "ತಡೀರಿ, ನಾನೇ ಒತ್ತುತೀನಿ," ಎಂದಳು ಅರಬಾ. ಕೊನೆಗೆ ಅಲ್ಲಿ ತಾಗಿದ್ದು ಅವನ ಬೆರಳು. ಅದರ ಮೇಲೆ ತನ್ನ ಬೆರಳಿಟ್ಟು ಒಂದು ಗಳಿಗೆ ನಿಂತು, ಒತ್ತಿದಳು. ಮೆಟ್ಟಿಲ ತಿರುವಿನಲ್ಲಿ ದೀಪ ಹತ್ತಿಕೊಂಡಿತು.

"ಬಲ್ಬ್ ಗಟ್ಟಿಯಾಗಿದೆ," ಎಂದ ಮಾಸ್ಟರ್. "ಹಾಗಾದ್ರೆ ಸಾಕ್ಷಿ ಸಿಕ್ತು ನೋಡಿ. ನೀವು ಪರೀಕ್ಷೆ ಮಾಡಿದಾಗ ಹತ್ತಿತ್ತಲ್ಲ? ಆಮೇಲೆ ಇದನ್ನ ಯಾರೂ ಮುಟ್ಟದೆ ಇದ್ದಿದ್ರೆ ಸಂಜೆ ನೀವು ಕೆಳಗೆ ಹಾಕಿದ ತಕ್ಷಣ ದೀಪ ಬರಬೇಕಿತ್ತು. ಬರಲಿಲ್ಲ ಅಂದ್ರೆ ಮಧ್ಯದಲ್ಲಿ ಇಲ್ಲಿ ಒತ್ತಿದಾರೆ. ಒಂದು ಸಲಾನೋ, ಮೂರು ಸಲಾನೋ, ಮೂವತ್ತೊಂದು ಸಲಾನೋ, ಅದು ಗೊತ್ತಾಗಲ್ಲ. ಒತ್ತಿದ್ದಂತೂ ಹೌದು."

ಅವಳು ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಮಾಸ್ಟರ್ ಅವಳ ಮುಖ ನೋಡಿ ಗಾಬರಿಯಾಗಿ, "ಅಯ್ಯೋ, ಒಂದು ದೀಪ ಹತ್ತದಿದ್ರೆ ಏನಾಯ್ತು ಬಿಡಿ ಆಂಟಿ, ಮೇಣದಬತ್ತಿ ಇರ್ತಿತ್ತಲ್ಲ," ಎಂದ. ಅವಳು ಹೌದೆಂಬಂತೆ ತಲೆಯಾಡಿಸಿದಳು. ಕರೆದಿದ್ದ. ಮಾತು ಹಿಡಿದು ಕೂರುವ ಆ ಮನುಷ್ಯ ಅವಳ ಆ ಮಾತೊಂದನ್ನು ಹಿಡಿದು ಕೂತಿರಲಿಲ್ಲ. ಅವಳು ಬೇಡವೆಂದರೂ, ಮುಖ ಗಂಟು ಹಾಕಿಕೊಂಡು ಹೋಗಿದ್ದರೂ, ಅವಳನ್ನೇ ಕರೆದಿದ್ದ. ಅವನಿಗೆ ಅವಳ ಮೇಲೆ ಸಿಟ್ಟಿರಲಿಲ್ಲ. ಇಷ್ಟು ತಿಳಿದು ಎದೆ ಒಂದು ಕ್ಷಣ ಹಗುರಾಯಿತು, ನಿಜಕ್ಕೂ ಹಗುರಾಯಿತು. ಆ ಹಗುರದ ಬೆನ್ನಿಗೇ ಇನ್ನೊಂದು ಬಂತು. ಕರೆದಾಗ ಅವಳು ಕೆಳಗೆ ಬಾಳೆಲೆ ಬಿಡಿಸುತ್ತಿದ್ದಳು. ಬೆರಳು ನೆಕ್ಕುತ್ತಿದ್ದಳು. ಮೂವತ್ತೊಂದು ಸಲ ಎಂದ ಮಾಸ್ಟರ್, ಲೆಕ್ಕವಿಲ್ಲದೆ. ಯಾವ ರವಿಕೆಗೆ ಎಷ್ಟನೆಯ ಸಲವೋ.

ಮಾಸ್ಟರ್ ಆ ಹಳೆಯ ಸ್ವಿಚ್ಚನ್ನು ಬಿಚ್ಚಲು ಕೆಳಗೆ ಹೋಗಿ ಫ್ಯೂಸ್ ತೆಗೆದ. ದೀಪ ಆರಿತು. ಅವಳು ಯಾಕೋ ಪಕ್ಕಕ್ಕೆ ವಾಲಿ, ಎಕೊನ ದಿಂಬಿನ ಮೇಲೆ ತಲೆಯಿಟ್ಟು, ಅವನು ನೋಡುತ್ತಿದ್ದ ಕಡೆ ನೋಡಿದಳು. ಬಾಗಿಲು, ಬಾಗಿಲಾಚೆ ಮೆಟ್ಟಿಲ ಕಟಕಟೆ, ಅದರ ಮೇಲೆ ಆರಿದ ದೀಪ. ಆರಿದ ದೀಪ. ಆರಿದರೆ ಏನಂತ ಇತ್ತು ಅವರಿಬ್ಬರ ನಡುವೆ? ಅವನು ಒತ್ತಿದಾಗಲೆಲ್ಲ ಇಲ್ಲಿಂದ ನೋಡಿದ್ದು ಇದನ್ನೇ. ಒತ್ತಿದ, ಕತ್ತಲು. ಅಂದರೆ ಬರ್ತೀನಿ ಅಂದಳು. ಕೈ ಇಳಿಸಿ ಕಾದ. ಮತ್ತೆ ಒತ್ತಿದ, ಕತ್ತಲು. ಬರ್ತೀನಿ ಅಂದಳು. ಆ ದಿನವಿಡೀ ಅವಳು ಒಂದು ಸಲವೂ ಬಾಯಿ ಬಿಡದೆ, ಕತ್ತೆತ್ತದೆ, ಅವನಿಗೆ ಬರ್ತೀನಿ, ಬರ್ತೀನಿ, ಬರ್ತೀನಿ ಎನ್ನುತ್ತಲೇ ಇದ್ದಳು, ಮತ್ತು ಅವನು ನಂಬಿದ್ದ. ದಿಂಬಿಗೆ ಮುಖ ಒತ್ತಿ ಅರಬಾ ಅತ್ತಳು. ಸತ್ತ ದಿನವೂ ಹೀಗೆ ಅತ್ತಿರಲಿಲ್ಲ; ಅವತ್ತು ಜನ ನೋಡುತ್ತಿದ್ದರು, ಬಚ್ಚಿಡಬೇಕಾದದ್ದು ಇತ್ತು. ಮಾಸ್ಟರ್ ಬಾಗಿಲ ತನಕ ಬಂದವನು ಉಳಿ ಮರೆತೆ ಎಂದು ಸುಳ್ಳು ಹೇಳಿ ಮತ್ತೆ ಕೆಳಗಿಳಿದ.

ನಾಲ್ಕು ಗಂಟೆಯ ಹೊತ್ತಿಗೆ ಮೇಲಿನ ಗೋಡೆಯಲ್ಲಿ ಬಿಳಿ ಗಾಜಿನ ಹೊಸ ಸ್ವಿಚ್ಚು ಕೂತಿತು. ಕೆಳಗಿನದು ಇನ್ನು ಬೇಡವೆಂದು ಮಾಸ್ಟರ್ ತಂತಿಗಳನ್ನು ಒಳಗೇ ಕಟ್ಟಿ, ತೂತು ಕಾಣದ ಹಾಗೆ ಒಂದು ನುಣ್ಣನೆಯ ಮುಚ್ಚಳ ಬಿಗಿಯುತ್ತಿದ್ದ. ಹಳೆಯವೆರಡನ್ನೂ ಅರಬಾ ಕೇಳಿ ಇಸಿದುಕೊಂಡು ಗುಂಡಿಗಳ ಡಬ್ಬಿಯಲ್ಲಿಟ್ಟಳು. ಮುಖ ತೊಳೆದು ಯಂತ್ರದ ಮುಂದೆ ಕೂತು, ಯಾರದೋ ಲಂಗದ ಅಂಚು ಮಡಚುತ್ತಿರುವಾಗ ಫೀಫಿಯ ಫೋನು ಬಂತು. "ಅತ್ತೆ, ಎಲ್ಲಾ ಮುಗೀತಂತೆ? ಒಂದೊಂದಾಗಿ ಹಾಕಿ ನೋಡ್ತೀನಿ, ಹೇಳಿ." ಅವಳು ಹೂಂ ಎಂದು ಫೋನನ್ನು ಬಟ್ಟೆಯ ಮೇಲಿಟ್ಟಳು. ಹೊಲಿಗೆ ಕೋಣೆಯದು ಹತ್ತಿತು, ಆರಿತು. ಅಡುಗೆಮನೆಯದು ಹತ್ತಿತು, ಆರಿತು. ಆಮೇಲೆ ಮೆಟ್ಟಿಲ ಮೇಲೆ ಬೆಳಕು ಬಿತ್ತು.

ಅವಳ ಎಡಗೈ ತಾನೇ ತಾನಾಗಿ ಗೋಡೆಗೆ ಹೋಯಿತು. ನುಣ್ಣನೆಯ ಮುಚ್ಚಳ. ಬೆರಳುಗಳು ಅದರ ಮೇಲೆ ಮೇಲಕ್ಕೂ ಕೆಳಕ್ಕೂ ತಡಕಾಡಿದವು, ಒತ್ತಲು ಏನೂ ಇರಲಿಲ್ಲ. ಇನ್ನು ಉತ್ತರ ಕೊಡಬೇಕೆಂದರೆ ಹೋಗುವುದೊಂದೇ ಉಳಿದಿತ್ತು. ಅವಳು ಎದ್ದಳು. ಲಂಗ ನೆಲಕ್ಕೆ ಬಿತ್ತು. "ಅತ್ತೆ, ಹತ್ತಿತಾ?" ಎಂದು ಫೋನು ಕೇಳುತ್ತಲೇ ಇತ್ತು. "ಬಂದೆ," ಎಂದಳು ಅರಬಾ, ಫೋನಿಗಲ್ಲ, "ಬಂದೆ ಎಕೊ, ಬಂದೆ," ಎನ್ನುತ್ತ ಕಟಕಟೆ ಹಿಡಿದು ಹತ್ತತೊಡಗಿದಳು. ಮಂಡಿ ನೋಯುತ್ತಿತ್ತು. ಒಂಬತ್ತನೆಯ ಮೆಟ್ಟಿಲಿಗೆ ಬಂದಿದ್ದಳು, ಮೇಲಿನ ಬಾಗಿಲು ಕಾಣುತ್ತಿತ್ತು. ಅಷ್ಟರಲ್ಲಿ ಯಾರ ಕೈಯೂ ಮುಟ್ಟದೆ ದೀಪ ಆರಿತು.

ಅವಳು ನಿಂತಳು. ಮುಂದಿನ ಮೆಟ್ಟಿಲಿಗೆ ಎತ್ತಿದ್ದ ಕಾಲನ್ನು ಕೆಳಗಿಟ್ಟಳು. ಆರಿದರೆ ಬರ್ತೀನಿ ಅಂತ. ಈ ಸಲ ಅವಳು ಆರಿಸಿರಲಿಲ್ಲ. ಹೊರಟವರೂ ಬರ್ತೀನಿ ಎನ್ನುತ್ತಾರೆ. ಅವಳು ಆ ಆರಿದ ದೀಪವನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದು, ಕೊನೆಗೆ, ಮನೆಯವರಿಗೆ ಹೇಳುವ ಹಾಗೆ ಮೆಲ್ಲಗೆ, "ಹೂಂ, ಹೋಗಿ ಬಾ," ಎಂದಳು.

ಕೆಳಗಿನಿಂದ ಮಾಸ್ಟರ್ ತಲೆಯೆತ್ತಿ ಕೇಳಿದ, "ನಂಗೆ ಹೇಳಿದ್ರಾ ಆಂಟಿ? ನಾನಿನ್ನೂ ಹೊರಟಿಲ್ಲ, ಒಂದು ಸ್ಕ್ರೂ ಬಾಕಿ ಇದೆ."